ಎತ್ತದ ಫೋನಿಗೆ ಆಡುವ ಮಾತು

ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತಾದಾಗ ಬೆಂಗಳೂರಿನಲ್ಲಿ ಸಂಜೆ ಆರೂವರೆ. ಚಳಿಗಾಲಕ್ಕೆ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡರೆ ಏಳೂವರೆ. ಆ ಹೊತ್ತಿಗೆ ಎಚ್‌ಎಸ್‌ಆರ್ ಲೇಔಟಿನ, ವೈಟ್‌ಫೀಲ್ಡಿನ, ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂರುವ ಹುಡುಗ ಹುಡುಗಿಯರ ಒಂದು ವರ್ಗವಿದೆ. ಇವರು ಕೋಡ್ ಬರೆಯುವವರಲ್ಲ, ಗ್ರಾಹಕರ ದೂರು ಕೇಳುವವರೂ ಅಲ್ಲ. ಹುದ್ದೆಯ ಹೆಸರು ಎಸ್‌ಡಿಆರ್. ಅಮೆರಿಕದ ಗುರುತು ಪರಿಚಯವಿಲ್ಲದ ಮ್ಯಾನೇಜರುಗಳಿಗೆ ಫೋನ್ ಮಾಡಿ, ತಮ್ಮ ಕಂಪನಿಯ ಸೇಲ್ಸ್‌ನವರ ಜೊತೆ ಹದಿನೈದಿಪ್ಪತ್ತು ನಿಮಿಷದ ಮೀಟಿಂಗಿಗೆ ಒಪ್ಪಿಸುವುದು ಇವರ ಕೆಲಸ. ಬಹುಪಾಲು ಕರೆಗಳನ್ನು ಆ ಕಡೆ ಯಾರೂ ಎತ್ತುವುದಿಲ್ಲ. ನಾಲ್ಕೈದು ರಿಂಗ್, ಮೊದಲೇ ಧ್ವನಿಮುದ್ರಿಸಿಟ್ಟ ಎರಡು ಮಾತು, ಆಮೇಲೆ ಒಂದು ಬೀಪ್. ಬೀಪ್ ಆದ ಮೇಲೆ ಏನು ಹೇಳಬೇಕು?

ಈ ಪ್ರಶ್ನೆಗೆ ಸೇಲ್ಸ್ ಲೋಕದಲ್ಲಿ ಎರಡು ಪಕ್ಷಗಳಿವೆ. ವಾಯ್ಸ್‌ಮೇಲ್ ಸತ್ತು ಎಷ್ಟೋ ಕಾಲವಾಯಿತು, ಬೀಪ್ ಕೇಳಿದ ತಕ್ಷಣ ಕಟ್ ಮಾಡಿ ಮುಂದಿನ ನಂಬರಿಗೆ ಹೋಗಿ ಎನ್ನುತ್ತದೆ ಒಂದು. ಕುತೂಹಲ ಕೆರಳಿಸುವ ಹಾಗೆ ಮಾತಾಡಿದರೆ ಎಂಥವನೂ ವಾಪಸ್ ಫೋನ್ ಮಾಡುತ್ತಾನೆ ಎನ್ನುತ್ತದೆ ಇನ್ನೊಂದು. ಜಗಳವಾಡುವ ಈ ಎರಡೂ ಪಕ್ಷಗಳು ಅಳೆಯುವುದು ಮಾತ್ರ ಒಂದೇ ಕೋಲಿನಿಂದ: ಎಷ್ಟು ಜನ ವಾಪಸ್ ಕರೆದರು? ನನ್ನ ತಕರಾರು ಈ ಕೋಲಿನ ಮೇಲೆಯೇ. ಗುರುತಿಲ್ಲದ ಮಾರಾಟಗಾರನಿಗೆ ವಾಪಸ್ ಫೋನ್ ಮಾಡುವವರು ಯಾವ ಕಾಲದಲ್ಲೂ ವಿರಳ. ಆ ವಿರಳ ಮಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಆಡಿದ ಮಾತು ಉಳಿದ ಎಲ್ಲರಿಗೂ ಕಿರಿಕಿರಿಯಾಗುತ್ತದೆ. ಸಂದೇಶ ಬಿಡಬೇಕಾದದ್ದು ವಾಪಸ್ ಕರೆಯದವನಿಗಾಗಿ. ಕೇಳಿ ಮುಗಿಸಿದಾಗ ಕರೆದವರು ಯಾರು, ಯಾಕೆ ಎಂದು ಅವನಿಗೆ ಗೊತ್ತಾಗಿರಬೇಕು. ಕಳೆದುಕೊಂಡ ಇಪ್ಪತ್ತು ಸೆಕೆಂಡಿನ ಬಗ್ಗೆ ಅವನಿಗೆ ಸಿಟ್ಟು ಬಂದಿರಬಾರದು. ಅಷ್ಟಾದರೆ ಸಂದೇಶ ತನ್ನ ಕೆಲಸ ಮಾಡಿದೆ.

ಇಂದಿಗೂ ಟ್ರೈನಿಂಗಿನಲ್ಲಿ ಹೇಳಿಕೊಡುವ ಚಮತ್ಕಾರಗಳು ಎಲ್ಲಿಂದ ಬಂದವು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಟೆಕ್ಸಸ್‌ನ ಗಾರ್ಡನ್ ಮ್ಯಾಥ್ಯೂಸ್ ವಾಯ್ಸ್‌ಮೇಲ್ ವ್ಯವಸ್ಥೆಯ ಪೇಟೆಂಟಿಗೆ ಅರ್ಜಿ ಹಾಕಿದ್ದು 1979ರಲ್ಲಿ. ಅದು ಮಂಜೂರಾದದ್ದು 1983ರಲ್ಲಿ. ದೊಡ್ಡ ಕಚೇರಿಗಳಲ್ಲಿ ಒಬ್ಬರಿಗೊಬ್ಬರು ಸಿಗದೆ ಒದ್ದಾಡುವ ಸಹೋದ್ಯೋಗಿಗಳಿಗಾಗಿ ಹುಟ್ಟಿದ ಸಾಧನ ಅದು. ಅಲ್ಲಿಯವರೆಗೆ ಸಾಹೇಬರು ಸೀಟಿನಲ್ಲಿಲ್ಲದಾಗ ಬಂದ ಕರೆಯನ್ನು ಸೆಕ್ರೆಟರಿ ಒಂದು ಗುಲಾಬಿ ಚೀಟಿಯಲ್ಲಿ ಗುರುತು ಹಾಕಿಡುತ್ತಿದ್ದಳು. ಮಾರಾಟಗಾರನ ಚೀಟಿ ಮೇಜಿಗೆ ಹೋಗಬೇಕೋ ಕಸದ ಬುಟ್ಟಿಗೆ ಹೋಗಬೇಕೋ ಎಂಬುದೂ ಆಕೆಯ ಕೈಯಲ್ಲೇ ಇತ್ತು. ವಾಯ್ಸ್‌ಮೇಲ್ ಬಂದು ಆ ಕಾವಲು ತಪ್ಪಿತು. ಮಾರಾಟಗಾರನ ದನಿ ನೇರವಾಗಿ ಸಾಹೇಬರ ಕಿವಿಗೇ ಬಿತ್ತು.

ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿತ್ತು. ಆಗಿನ ವಾಯ್ಸ್‌ಮೇಲನ್ನು ಒಂದಾದ ಮೇಲೊಂದರಂತೆ ಸರದಿಯಲ್ಲಿ ಕೇಳಬೇಕಿತ್ತು. ಐದನೆಯದು ಮೇಲಧಿಕಾರಿಯದಿರಬಹುದು, ಅದನ್ನು ತಲುಪಲು ಮೊದಲ ನಾಲ್ಕನ್ನು ದಾಟಲೇಬೇಕು. ಯಾವುದು ಯಾರದು ಎಂದು ಕೇಳುವ ಮುನ್ನ ತಿಳಿಯುತ್ತಿರಲಿಲ್ಲ. ಅಂದರೆ ಮಾರಾಟಗಾರನಿಗೆ ಎದ್ದು ಹೋಗಲಾಗದ ಶ್ರೋತೃ ಸಿಕ್ಕಿದ್ದ. ಕಂಪನಿಯ ಹೆಸರನ್ನು ಕೊನೆಗೆ ಹೇಳು, ವಿಷಯ ಬಿಟ್ಟುಕೊಡಬೇಡ, ಎರಡು ಸಲ ನಂಬರ್ ಹೇಳಿ ನಿಲ್ಲಿಸು ಎಂಬೆಲ್ಲ ಉಪದೇಶಗಳು ಹುಟ್ಟಿದ್ದು ಈ ಕಟ್ಟಿಹಾಕಿದ ಶ್ರೋತೃವನ್ನು ನಂಬಿಕೊಂಡು.

2007ರಲ್ಲಿ ಐಫೋನ್ ಬಂತು. ಜೊತೆಗೆ ವಾಯ್ಸ್‌ಮೇಲ್‌ಗಳು ಪಟ್ಟಿಯಾಗಿ ಪರದೆಯ ಮೇಲೆ ಬಂದವು. ಬೇಕಾದ್ದನ್ನು ಒತ್ತು, ಬೇಡದ್ದನ್ನು ಕೇಳದೆಯೇ ಅಳಿಸು. ಕಟ್ಟು ಬಿಚ್ಚಿತು. ಅದರ ಮೇಲೆ ರೋಬೋಕಾಲ್‌ಗಳ ಹಾವಳಿ. ಅಮೆರಿಕದ ಫೋನುಗಳಿಗೆ ಯಂತ್ರಗಳು ಮಾಡುವ ಕರೆಗಳು ಈಚಿನ ವರ್ಷಗಳಲ್ಲಿ ವರ್ಷಕ್ಕೆ 5,000 ಕೋಟಿಯ ಆಸುಪಾಸಿನಲ್ಲಿವೆ ಎಂದು ಯೂಮೇಲ್ ಸಂಸ್ಥೆ ಅಂದಾಜು ಮಾಡುತ್ತದೆ. ಗೊತ್ತಿಲ್ಲದ ನಂಬರ್ ಎತ್ತುವುದನ್ನೇ ಜನ ಬಿಟ್ಟುಬಿಟ್ಟರು. 2014ರ ಕೊನೆಗೆ ಕೋಕಾ-ಕೋಲಾ ಅಟ್ಲಾಂಟಾದ ತನ್ನ ಮುಖ್ಯ ಕಚೇರಿಯಲ್ಲಿ ವಾಯ್ಸ್‌ಮೇಲನ್ನೇ ತೆಗೆದುಹಾಕಿತು. ಮರುವರ್ಷ ಜೆಪಿ ಮಾರ್ಗನ್ ಚೇಸ್ ಗ್ರಾಹಕರೊಡನೆ ನೇರ ವ್ಯವಹಾರವಿಲ್ಲದ ತನ್ನ ಸಾವಿರಾರು ನೌಕರರಿಗೆ ಅದನ್ನು ನಿಲ್ಲಿಸಿತು. ‘ಸತ್ತಿತು’ ಎನ್ನುವ ಪಕ್ಷ ಇಂಥ ಸುದ್ದಿಗಳನ್ನೇ ಸಾಕ್ಷಿಯಾಗಿ ಮುಂದಿಡುತ್ತದೆ. ಆದರೆ ಆ ಕಂಪನಿಗಳು ತೆಗೆದದ್ದು ಮೇಜಿನ ಫೋನಿನ ಪೆಟ್ಟಿಗೆಯನ್ನು. ಜೇಬಿನ ಮೊಬೈಲಿನಲ್ಲಿ ವಾಯ್ಸ್‌ಮೇಲ್ ಹಾಗೆಯೇ ಇದೆ. ಡಾಕ್ಟರ ಕ್ಲಿನಿಕ್, ಮಕ್ಕಳ ಶಾಲೆ, ಪ್ಲಂಬರ್ ಎಲ್ಲರೂ ಅಲ್ಲಿ ಇವತ್ತಿಗೂ ಸಂದೇಶ ಬಿಡುತ್ತಾರೆ, ಜನ ಕೇಳುತ್ತಾರೆ. ಸತ್ತದ್ದು ವಾಯ್ಸ್‌ಮೇಲ್ ಅಲ್ಲ, ವಿಧಿಯಿಲ್ಲದೆ ಕೇಳುವ ಅಭ್ಯಾಸ.

ಇಲ್ಲಿ ಬೆಂಗಳೂರಿನ ಹುಡುಗರ ವಿಶೇಷ ಸಂಕಟವೊಂದಿದೆ. ನಮ್ಮಲ್ಲಿ ವಾಯ್ಸ್‌ಮೇಲ್ ಬೇರು ಬಿಡಲೇ ಇಲ್ಲ. 2003ರಲ್ಲಿ ಮೊಬೈಲಿಗೆ ಬರುವ ಕರೆ ಉಚಿತವಾದ ಮೇಲೆ ಮಿಸ್ಡ್ ಕಾಲೇ ನಮ್ಮ ಸಂದೇಶವಾಯಿತು. ಎರಡು ರಿಂಗ್ ಕೊಟ್ಟು ಕಟ್ ಮಾಡಿದರೆ ‘ಕೆಳಗೆ ಬಂದಿದ್ದೀನಿ, ಇಳಿದು ಬಾ’, ಒಂದು ರಿಂಗಾದರೆ ‘ಮನೆ ಮುಟ್ಟಿದೆ’. ಕಾಸಿಲ್ಲದ ಈ ಭಾಷೆಯನ್ನೇ ವ್ಯಾಪಾರ ಮಾಡಿಕೊಂಡ ಜಿಪ್‌ಡಯಲ್ ಎಂಬ ಕಂಪನಿ 2010ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು. 2015ರಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು. ಹೀಗಾಗಿ ಹಾಸನದಿಂದಲೋ ದಾವಣಗೆರೆಯಿಂದಲೋ ಡಿಗ್ರಿ ಮುಗಿಸಿ ಬಂದು ಈ ಕೆಲಸಕ್ಕೆ ಸೇರಿದವರಲ್ಲಿ ಹೆಚ್ಚಿನವರು ಜೀವಮಾನದಲ್ಲಿ ಒಂದು ವಾಯ್ಸ್‌ಮೇಲ್ ಕೇಳಿರುವುದಿಲ್ಲ. ಎಂದೂ ಪಡೆಯದ ವಸ್ತುವನ್ನು ರಾತ್ರಿಗೆ ನಲವತ್ತೈವತ್ತರಂತೆ ಕಳಿಸು ಎಂದು ಅವರಿಗೆ ಹೇಳಲಾಗುತ್ತದೆ. ಪಾಪ, ಅವರು ಸ್ಕ್ರಿಪ್ಟ್ ಓದುತ್ತಾರೆ. ಕೇಳುವವನ ಅನುಭವ ಗೊತ್ತಿಲ್ಲದವರಿಗೆ ಓದುವುದು ಬಿಟ್ಟು ಬೇರೇನು ಗತಿ?

ಆ ಸ್ಕ್ರಿಪ್ಟ್ ಸಾಮಾನ್ಯವಾಗಿ ಹೀಗಿರುತ್ತದೆ. ಇಂಗ್ಲಿಷಿನಲ್ಲಿ ಆಡುವ ಮಾತು, ಕನ್ನಡದಲ್ಲಿ ಕೊಡುತ್ತಿದ್ದೇನೆ: “ಹಾಯ್, ಹೇಗಿದ್ದೀರಿ? ನಿಮ್ಮ ದಿನ ಚೆನ್ನಾಗಿ ನಡೀತಿದೆ ಅಂದ್ಕೊಳ್ತೀನಿ. ನಾನು ಇಂಥ ಕಂಪನಿಯಿಂದ ಕರೆ ಮಾಡ್ತಿದ್ದೀನಿ. ನಾವು ಸರಬರಾಜು ಕ್ಷೇತ್ರಕ್ಕೆ ಎಐ ಆಧಾರಿತ ಸಮಗ್ರ ಪರಿಹಾರ ಒದಗಿಸುವ ಮುಂಚೂಣಿ ಸಂಸ್ಥೆ. ನಿಮ್ಮಂಥ ಅನೇಕ ಕಂಪನಿಗಳು ನಮ್ಮಿಂದ ವೆಚ್ಚ ತಗ್ಗಿಸಿಕೊಂಡು ಉತ್ಪಾದಕತೆ ಹೆಚ್ಚಿಸಿಕೊಂಡಿವೆ. ಈ ವಾರ ಅಥವಾ ಮುಂದಿನ ವಾರ ಒಂದು ಸಣ್ಣ ಮೀಟಿಂಗ್ ಮಾಡೋಣವೇ? ದಯವಿಟ್ಟು ಈ ನಂಬರಿಗೆ ಕರೆ ಮಾಡಿ...” ಆಮೇಲೆ ಹತ್ತು ಅಂಕಿ ಒಂದೇ ಉಸಿರಿಗೆ. ಒಟ್ಟು ಐವತ್ತು ಸೆಕೆಂಡ್. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕೇಳುವವನಿಗೆ ಸಂಬಂಧಪಟ್ಟ ಒಂದೇ ಒಂದು ಶಬ್ದವೂ ಇಲ್ಲ. ಉತ್ತರ ಕೊಡಲಾಗದವನನ್ನು ಹೇಗಿದ್ದೀರಿ ಎಂದು ಕೇಳಿ ನಾಲ್ಕು ಸೆಕೆಂಡ್ ಕಳೆದದ್ದಂತೂ ಶುದ್ಧ ದಂಡ.

ಈಗ ಇನ್ನೊಂದು. ಒಹಾಯೋದ ಒಬ್ಬ ಉಗ್ರಾಣದ ಮ್ಯಾನೇಜರಿಗೆ ಕಾವ್ಯ ಎಂಬ ಹುಡುಗಿ ಫೋನ್ ಮಾಡಿದ್ದಾಳೆ ಎಂದಿಟ್ಟುಕೊಳ್ಳೋಣ: “ನಮಸ್ಕಾರ, ನಾನು ಕಾವ್ಯ, ಬೆಂಗಳೂರಿನ ಇಂಥ ಕಂಪನಿಯಿಂದ. ಉಗ್ರಾಣಗಳ ದಾಸ್ತಾನು ಲೆಕ್ಕಕ್ಕೆ ನಾವು ಸಾಫ್ಟ್‌ವೇರ್ ಮಾಡುತ್ತೇವೆ. ಕೊಲಂಬಸ್‌ನಲ್ಲಿ ನೀವು ಎರಡನೇ ಉಗ್ರಾಣ ತೆರೆಯುತ್ತಿರುವುದನ್ನು ನಿಮ್ಮ ಪ್ರಕಟಣೆಯಲ್ಲಿ ನೋಡಿದೆ. ಎರಡು ಕಡೆಯ ಲೆಕ್ಕ ತಾಳೆಯಾಗದೆ ಶುರುವಿನ ತಿಂಗಳುಗಳಲ್ಲಿ ತೊಂದರೆಯಾಗುವುದುಂಟು. ಅದನ್ನು ನಾವು ಹೇಗೆ ನಿಭಾಯಿಸುತ್ತೇವೆಂದು ಒಂದು ಪುಟದ ಇಮೇಲ್ ಈಗಲೇ ಕಳಿಸುತ್ತಿದ್ದೇನೆ. ವಾಪಸ್ ಫೋನ್ ಮಾಡಬೇಕಾಗಿಲ್ಲ, ಉಪಯೋಗ ಅನಿಸಿದರೆ ಇಮೇಲಿಗೇ ಉತ್ತರಿಸಿ. ನನ್ನ ಹೆಸರು ಕಾವ್ಯ.” ನಂಬರ್, ನಿಧಾನವಾಗಿ. ಮುಗಿಯಿತು. ಇಂಗ್ಲಿಷಿನಲ್ಲಿ ಆಡಿದರೆ ಅರ್ಧ ನಿಮಿಷದೊಳಗೆ ಆಗುತ್ತದೆ.

ಹಳ್ಳಿಯಲ್ಲಿ ಗುರುತಿಲ್ಲದ ಮನೆಗೆ ಹೋದವರು ಜಗುಲಿಯ ಕೆಳಗೇ ನಿಂತು, ಯಾವ ಊರು, ಯಾರ ಕಡೆಯವರು, ಬಂದ ಕಾರ್ಯವೇನು ಎಂದು ಹೇಳುತ್ತಾರೆ. ಒಳಗೆ ಕರೆಯುವುದು ಬಿಡುವುದು ಮನೆಯವರಿಗೆ ಸೇರಿದ್ದು. ಕಾವ್ಯಳ ಸಂದೇಶ ಮಾಡಿದ್ದು ಇಷ್ಟನ್ನೇ. ಇದರಲ್ಲಿ ನಿಜವಾದ ಶ್ರಮ ಬೀಪ್‌ಗಿಂತ ಮುಂಚೆ ನಡೆದಿದೆ. ಆ ಎರಡನೇ ಉಗ್ರಾಣದ ಸುದ್ದಿಯನ್ನು ಯಾರೋ ಕೂತು ಓದಿದ್ದಾರೆ. ಒಂದು ಕರೆಗೆ ಐದು ನಿಮಿಷದ ಓದು ಬೇಕೆಂದರೆ ರಾತ್ರಿಗೆ ಐವತ್ತು ಸಂದೇಶ ಸಾಧ್ಯವಿಲ್ಲ, ಹದಿನೈದೋ ಇಪ್ಪತ್ತೋ ಆಗಬಹುದು. ಓದಿ ಹೇಳಲು ಏನೂ ಸಿಗದಿದ್ದರೆ? ಸಂದೇಶ ಬಿಡದೆ ಫೋನ್ ಇಡುವುದೇ ಸರಿ. ಆ ಮಟ್ಟಿಗೆ ಮೊದಲ ಪಕ್ಷದ ಮಾತನ್ನು ನಾನೂ ಒಪ್ಪುತ್ತೇನೆ.

‘ವಾಪಸ್ ಫೋನ್ ಮಾಡಬೇಕಾಗಿಲ್ಲ’ ಎಂಬ ವಾಕ್ಯ ಕೇಳಿದರೆ ಟೀಮ್ ಲೀಡ್‌ಗಳು ತಲೆ ಚಚ್ಚಿಕೊಳ್ಳುತ್ತಾರೆ. ಬಾಗಿಲನ್ನು ನೀವೇ ಮುಚ್ಚಿಕೊಂಡಂತಾಯಿತಲ್ಲ ಎಂದು ಅವರ ಆಕ್ಷೇಪ. ಆದರೆ ಯೋಚಿಸಿ ನೋಡಿ: ಕೊಲಂಬಸ್‌ನ ಆ ಮನುಷ್ಯ ಬೆಂಗಳೂರಿಗೆ ಕರೆ ಮಾಡುವ ಸಾಧ್ಯತೆ ಮೊದಲೇ ಎಷ್ಟಿತ್ತು? ಆ ವಾಕ್ಯ ಅವನ ತಲೆಯಿಂದ ಒಂದು ಬಾಕಿ ಕೆಲಸವನ್ನು ಇಳಿಸುತ್ತದೆ. ಅವನ ಮುಂದೆ ಉಳಿಯುವುದು ಇಮೇಲ್ ತೆರೆಯುವ ಸುಲಭದ ಕೆಲಸ ಮಾತ್ರ. ದನಿ ಇಮೇಲಿಗೆ ಸಾಕ್ಷಿ ಹೇಳುತ್ತದೆ, ಇದನ್ನು ಬರೆದದ್ದು ಯಂತ್ರವಲ್ಲ, ಹೆಸರುಳ್ಳ ಒಬ್ಬ ವ್ಯಕ್ತಿ ಎಂದು. ಇಂದಿನ ಕಾಲದಲ್ಲಿ ವಾಯ್ಸ್‌ಮೇಲಿಗೆ ಉಳಿದಿರುವ ಅತಿ ದೊಡ್ಡ ಉಪಯೋಗ ಇದೇ ಇರಬೇಕು.

ಇನ್ನೊಂದು ಬದಲಾವಣೆಯನ್ನು ನಮ್ಮ ಟ್ರೈನಿಂಗ್‌ಗಳು ಇನ್ನೂ ಸರಿಯಾಗಿ ಗಮನಿಸಿಲ್ಲ. ವಾಯ್ಸ್‌ಮೇಲ್ ಈಗ ಕೇಳುವ ವಸ್ತುವಾಗಿರುವುದಕ್ಕಿಂತ ಓದುವ ವಸ್ತುವಾಗಿದೆ. 2009ರಲ್ಲಿ ಬಂದ ಗೂಗಲ್ ವಾಯ್ಸ್ ಸಂದೇಶವನ್ನು ಅಕ್ಷರಕ್ಕಿಳಿಸಿ ಕೊಡುತ್ತಿತ್ತು. 2023ರಿಂದ ಅಮೆರಿಕದ ಐಫೋನುಗಳಲ್ಲಿ, ನೀವು ಮಾತಾಡುತ್ತಿರುವಾಗಲೇ ಆ ಮಾತು ಅಕ್ಷರವಾಗಿ ಪರದೆಯ ಮೇಲೆ ಹರಿಯುತ್ತದೆ. ಓದುತ್ತಿರುವವನಿಗೆ ಮನಸ್ಸಾದರೆ ನಡುವೆಯೇ ಕರೆ ಎತ್ತಬಹುದು. ಅಂದರೆ ಆ ಕಡೆ ಖಾಲಿ ಪೆಟ್ಟಿಗೆಯಿದೆ ಎಂದುಕೊಂಡು ನೀವು ಆಡುವ ಮಾತನ್ನು ಒಬ್ಬ ಮನುಷ್ಯ ಅದೇ ಕ್ಷಣ ನೋಡುತ್ತಿರಬಹುದು. ಮೊದಲ ಸಾಲಿನಲ್ಲಿ ‘ಹೇಗಿದ್ದೀರಿ, ದಿನ ಚೆನ್ನಾಗಿದೆಯೇ’ ಎಂದು ಕಂಡರೆ ಎರಡನೇ ಸಾಲನ್ನು ಯಾರೂ ಕಾಯುವುದಿಲ್ಲ. ‘ಕೊಲಂಬಸ್, ಎರಡನೇ ಉಗ್ರಾಣ’ ಎಂದು ಕಂಡರೆ ಕೈ ತಡೆಯಬಹುದು. ಕಂಪನಿಯ ಹೆಸರನ್ನು ಕೊನೆಗೆ ಮುಚ್ಚಿಡುವ ಹಳೆಯ ಉಪಾಯ ಇಲ್ಲಿ ತಿರುಗಿ ಹೊಡೆಯುತ್ತದೆ.

ನಮ್ಮ ಹೆಸರುಗಳ ತೊಡಕೂ ಇದೆ. ಶಿವಲಿಂಗಯ್ಯನೋ ಚಂದ್ರಪ್ರಭೆಯೋ ಆ ಯಂತ್ರದ ಕೈಯಲ್ಲಿ ಏನಾಗಿ ಮೂಡುತ್ತಾರೆಂದು ದೇವರಿಗೇ ಗೊತ್ತು. ಒಂದು ಕಾಲಕ್ಕೆ ಇದಕ್ಕೊಂದು ಪರಿಹಾರ ಹುಡುಕಿದ್ದರು. 2000ದ ಸುಮಾರಿಗೆ ಕಾಲ್ ಸೆಂಟರುಗಳು ಏಳುತ್ತಿದ್ದಾಗ ಮಂಜುನಾಥ ರಾತ್ರಿಪಾಳಿಯಲ್ಲಿ ಮೈಕ್ ಆಗುತ್ತಿದ್ದ, ಉಚ್ಚಾರಣೆ ತಿದ್ದುವ ತರಗತಿಗಳು ನಡೆಯುತ್ತಿದ್ದವು. ಆ ವೇಷ ಈಗ ಬೇಡ. ಸುಳ್ಳು ಹೆಸರಿನಿಂದ ಶುರುವಾದ ಪರಿಚಯದ ಮೇಲೆ ಮುಂದೆ ಲಕ್ಷಾಂತರ ಡಾಲರಿನ ಕರಾರು ನಿಲ್ಲಬೇಕು ಎಂಬುದನ್ನು ನೆನಪಿಡಬೇಕು. ಸ್ವಂತ ಹೆಸರನ್ನು ನಿಧಾನವಾಗಿ ಎರಡು ಸಲ ಹೇಳಿ, ಇಮೇಲಿನಲ್ಲೂ ಅದೇ ಹೆಸರು ಎದ್ದು ಕಾಣುವಂತೆ ಮಾಡಿದರೆ ಸಾಕು. ಅಂಕಿಗಳ ವಿಷಯದಲ್ಲಿ ಮಾತ್ರ ಅಭ್ಯಾಸ ಬದಲಿಸಿಕೊಳ್ಳಲೇಬೇಕು. ನಾವು ನಂಬರನ್ನು ಐದು-ಐದಾಗಿ ಮುರಿದು, ‘ಡಬಲ್ ನೈನ್’, ‘ಟ್ರಿಪಲ್ ಫೋರ್’ ಎಂದು ಓಡಿಸುತ್ತೇವೆ. ಅಮೆರಿಕದವರ ಕಿವಿ ಮೂರು-ಮೂರು-ನಾಲ್ಕಕ್ಕೆ ಒಗ್ಗಿದೆ, ಡಬಲ್ ಎಂದರೆ ತಡವರಿಸುತ್ತಾರೆ. ಒಂದೊಂದೇ ಅಂಕಿ, ಗುಂಪಿನ ನಡುವೆ ಪೆನ್ನು ಓಡುವಷ್ಟು ಬಿಡುವು.

ಇನ್ನು ಚಮತ್ಕಾರಗಳಿಗೆ ಬರೋಣ. ಹಿಂದೆಂದೂ ಮಾತಾಡದವನಿಗೆ ‘ನಮ್ಮ ಮೊನ್ನೆಯ ಮಾತಿನ ವಿಷಯವಾಗಿ’ ಎಂದು ಶುರುಮಾಡುವುದು. ಬರೀ ಹೆಸರು, ನಂಬರ್ ಹೇಳಿ ನಿಲ್ಲಿಸಿ, ಇದು ಯಾವುದೋ ಗಿರಾಕಿಯ ಕರೆಯಿರಬೇಕು ಎಂದು ಭ್ರಮೆ ಹುಟ್ಟಿಸುವುದು. ಮುಖ್ಯ ವಿಷಯಕ್ಕೆ ಬಂದೊಡನೆ ಲೈನ್ ಕಟ್ಟಾದಂತೆ ನಟಿಸಿ ಫೋನ್ ಇಡುವುದು. ಒಹಾಯೋಗೆ ಕರೆ ಮಾಡುವಾಗ ಒಹಾಯೋದ್ದೇ ನಂಬರ್ ಕಾಣಿಸುವ ಡಯಲರ್ ಬಳಸುವುದು. ಕೊನೆಯದನ್ನು, ನಂಬರ್ ಕಂಪನಿಯದೇ ಆಗಿದ್ದು ವಂಚನೆಯ ಉದ್ದೇಶ ಇಲ್ಲದಿದ್ದರೆ, ಅಲ್ಲಿನ ಕಾನೂನು ತಡೆಯುವುದಿಲ್ಲ. ಆದರೂ ಪಕ್ಕದ ಬೀದಿಯವನಂತೆ ಕಾಣಿಸಿಕೊಂಡು ಹದಿಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಿಂದ ಮಾತಾಡುವುದನ್ನು ಪ್ರಾಮಾಣಿಕತೆ ಎನ್ನಲು ನನಗಂತೂ ಆಗುವುದಿಲ್ಲ.

ಇವುಗಳಿಂದ ವಾಪಸ್ ಕರೆ ಬರುವುದಿಲ್ಲವೇ ಎಂದರೆ, ಬರುತ್ತದೆ. ಅದನ್ನು ಅಲ್ಲಗಳೆದರೆ ವಾದ ಸೋತಂತೆ. ಟಾರ್ಗೆಟ್ಟಿನ ಕತ್ತಿ ತಲೆ ಮೇಲೆ ತೂಗುತ್ತಿರುವ ಇಪ್ಪತ್ಮೂರು ವರ್ಷದ ಹುಡುಗನಿಗೆ ನೀತಿ ಹೇಳುವುದು ನನ್ನಂಥವರಿಗೆ ಸುಲಭ ಎಂಬುದೂ ನಿಜವೇ. ಆದರೆ ಆ ಕರೆ ಹೇಗೆ ನಡೆಯುತ್ತದೆ ನೋಡಿ. ಗಿರಾಕಿ ಎಂದುಕೊಂಡು ಫೋನ್ ಮಾಡಿದವನಿಗೆ ಹತ್ತನೇ ಸೆಕೆಂಡಿಗೆ ಸತ್ಯ ತಿಳಿಯುತ್ತದೆ. ಅಲ್ಲಿಂದ ಮುಂದಿನ ಮಾತೆಲ್ಲ ಅವನ ಸಿಟ್ಟನ್ನು ದಾಟಿ ಹೋಗಬೇಕು. ಒತ್ತಾಯಕ್ಕೆ ಮೀಟಿಂಗ್ ಒಪ್ಪಿಕೊಂಡರೂ ಆ ಹೊತ್ತಿಗೆ ಅವನು ಬರುವ ಭರವಸೆಯಿಲ್ಲ. ಪಟ್ಟಿಯ ಕಾಲ್‌ಬ್ಯಾಕ್ ಕಾಲಂನಲ್ಲಿ ಮಾತ್ರ ಒಂದು ಅಂಕಿ ಏರಿರುತ್ತದೆ. ಟಾರ್ಗೆಟ್ ಮುಟ್ಟಿತು, ವ್ಯಾಪಾರ ಆಗಲಿಲ್ಲ. ಅಳತೆಗೋಲು ತಪ್ಪಾಗಿದೆ ಎಂದು ನಾನು ಹೇಳುವುದು ಇದಕ್ಕೇ. ಅದು ಹುಡುಗರನ್ನು ಮೋಸ ಮಾಡಲು ದೂಡುತ್ತದೆ, ಕಂಪನಿಗೂ ದುಡ್ಡು ತರುವುದಿಲ್ಲ.

ಒಂದು ಗುಂಡಿ ಒತ್ತಿದರೆ ಮೊದಲೇ ಮುದ್ರಿಸಿಟ್ಟ ಸಂದೇಶ ಬೀಳುವ ‘ವಾಯ್ಸ್‌ಮೇಲ್ ಡ್ರಾಪ್’ ಎಂಬ ಸೌಕರ್ಯವೂ ಇದೆ. ಐವತ್ತನೇ ಸಂದೇಶದ ಹೊತ್ತಿಗೆ ಗಂಟಲು ಒಣಗಿ ಹೋಗಿರುತ್ತದೆ, ಸಂಜೆಯ ಹುರುಪಿನ ದನಿಯನ್ನೇ ಎಲ್ಲರಿಗೂ ಕೊಟ್ಟರೆ ತಪ್ಪೇನು ಎಂದು ಕೇಳುತ್ತಾರೆ. ಇಲ್ಲಿ ಅಮೆರಿಕದ ಕಾನೂನು ಎಳೆದಿರುವ ಗೆರೆ ಅರ್ಥಪೂರ್ಣವಾಗಿದೆ. ಅಲ್ಲಿನ ದೂರವಾಣಿ ಗ್ರಾಹಕರ ರಕ್ಷಣೆಯ ಕಾನೂನು 1991ರದ್ದು. ಒಪ್ಪಿಗೆಯಿಲ್ಲದೆ ಮೊಬೈಲಿಗೆ ಮುದ್ರಿತ ಅಥವಾ ಕೃತಕ ದನಿಯ ಕರೆ ಮಾಡುವಂತಿಲ್ಲ ಎನ್ನುತ್ತದೆ ಅದು. ಫೋನ್ ರಿಂಗಾಗದಂತೆ ನೇರವಾಗಿ ಪೆಟ್ಟಿಗೆಗೆ ಸಂದೇಶ ತುರುಕುವ ತಂತ್ರ ಬಂದಾಗ, ಇದೂ ಕರೆಯೇ, ಒಪ್ಪಿಗೆ ಬೇಕು ಎಂದು ಅಲ್ಲಿನ ಸಂಪರ್ಕ ಆಯೋಗ 2022ರ ನವೆಂಬರಿನಲ್ಲಿ ಹೇಳಿತು. ಎಐ ಸೃಷ್ಟಿಸಿದ ದನಿಯೂ ಕೃತಕ ದನಿಯೇ ಎಂದು 2024ರ ಫೆಬ್ರವರಿಯಲ್ಲಿ ತೀರ್ಮಾನಿಸಿತು. ವ್ಯಾಪಾರಿಗಳು ವ್ಯಾಪಾರಿಗಳಿಗೆ ಮಾಡುವ ಕರೆಗೆ ಅಲ್ಲಿ ಅನೇಕ ವಿನಾಯಿತಿಗಳಿವೆ. ಆದರೆ ಮ್ಯಾನೇಜರಿನ ಕಚೇರಿ ನಂಬರ್ ಎಂದುಕೊಂಡದ್ದು ಅವನ ಸ್ವಂತ ಮೊಬೈಲ್ ಆಗಿರುವುದೇ ಈಗ ಹೆಚ್ಚು. ಇಂಥವನಿಗೆಂದೇ ಒಬ್ಬರು ಕೂತು ಆಡಿದ ಮಾತು ಬೇರೆ, ಸಾವಿರ ಜನರಿಗೆ ಎಸೆದ ದನಿ ಬೇರೆ ಎಂಬ ವಿವೇಕ ಆ ಗೆರೆಯ ಹಿಂದಿದೆ. ಅದು ಕಾನೂನಿನ ಭಯಕ್ಕೆ ಮಾತ್ರ ಪಾಲಿಸಬೇಕಾದ ವಿವೇಕವಲ್ಲ.

ಇದು ಅಮೆರಿಕಕ್ಕೆ ಫೋನ್ ಮಾಡುವವರ ಪಾಡು, ನಮಗೇನು ಎನ್ನುವ ಹಾಗೂ ಇಲ್ಲ. ವಾಯ್ಸ್‌ಮೇಲ್ ನಮ್ಮಲ್ಲಿ ಬರಲಿಲ್ಲವಾದರೂ ಅದರ ತಮ್ಮ ವಾಟ್ಸ್‌ಆ್ಯಪಿನಲ್ಲಿ ಬಂದ. ದಿನಕ್ಕೆ ಸರಾಸರಿ 700 ಕೋಟಿ ಧ್ವನಿ ಸಂದೇಶಗಳು ಹೋಗುತ್ತವೆ ಎಂದು ಆ ಕಂಪನಿ 2022ರಲ್ಲಿ ಹೇಳಿತ್ತು. ಸೈಟು ಮಾರುವವರು, ವಿಮೆ ಏಜೆಂಟರು ‘ಸಾರ್, ನಮಸ್ಕಾರ, ಊಟ ಆಯ್ತಾ’ ಎಂದು ಶುರುಮಾಡಿ ಎರಡೂವರೆ ನಿಮಿಷ ಮಾತಾಡಿ ಕಳಿಸುತ್ತಾರೆ. ಕೇಳುವವನು ಬಸ್ಸಿನಲ್ಲಿ ನಿಂತಿರುತ್ತಾನೆ, ಇಯರ್‌ಫೋನ್ ಮನೆಯಲ್ಲಿರುತ್ತದೆ. 2021ರಲ್ಲಿ ವಾಟ್ಸ್‌ಆ್ಯಪ್ ಧ್ವನಿ ಸಂದೇಶವನ್ನು ಎರಡು ಪಟ್ಟು ವೇಗದಲ್ಲಿ ಕೇಳುವ ಗುಂಡಿ ಕೊಟ್ಟಿತು. ನಮ್ಮ ಮಾತಿನ ಬಗ್ಗೆ ಕೇಳುಗರ ಅಭಿಪ್ರಾಯ ಏನೆಂಬುದು ಆ ಗುಂಡಿಯಲ್ಲೇ ಇದೆ.

ಈ ತಂಡಗಳನ್ನು ನಡೆಸುವವರಲ್ಲಿ ಎರಡು ಕೋರಿಕೆ. ಹೊಸದಾಗಿ ಸೇರಿದವರ ಕೈಗೆ ಸ್ಕ್ರಿಪ್ಟ್ ಕೊಡುವ ಮೊದಲು ಅವರಿಗೊಂದು ವಾಯ್ಸ್‌ಮೇಲ್ ಪೆಟ್ಟಿಗೆ ಕೊಡಿ. ಒಂದು ವಾರ ಪಕ್ಕದ ಸೀಟಿನವರು ಬಿಡುವ ಸಂದೇಶಗಳು ಅದರಲ್ಲಿ ಬೀಳಲಿ, ಅವರದ್ದೂ ಬೇರೆಯವರ ಪೆಟ್ಟಿಗೆಗೆ ಬೀಳಲಿ. ಎಷ್ಟನೇ ಸೆಕೆಂಡಿಗೆ ಅಳಿಸುವ ಗುಂಡಿಯತ್ತ ಬೆರಳು ಹೋಯಿತು ಎಂದು ಅವರೇ ಬರೆದುಕೊಳ್ಳಲಿ. ಎರಡನೆಯದು, ಕಾಲ್‌ಬ್ಯಾಕ್ ಲೆಕ್ಕದ ಕಾಲಂ ಅಳಿಸಿ. ಆ ಜಾಗದಲ್ಲಿ, ಮುಂದಿನ ಸಲ ಫೋನ್ ಎತ್ತಿದಾಗ ‘ಹೌದು, ನಿಮ್ಮ ಸಂದೇಶ ನೋಡಿದ್ದೆ’ ಎಂದು ಎಷ್ಟು ಜನ ಹೇಳಿದರು ಎಂಬುದನ್ನು ಬರೆದಿಡಲು ಹೇಳಿ.